ಕೆಂಪು ಗೆರೆ ಎಳೆದ ಹೆಸರುಗಳು

8 ಜನವರಿ 2025, ಬುಧವಾರ

ಸಹಕಾರಿ ಬ್ಯಾಂಕಿನವರು ಪ್ರತಿ ವರ್ಷದಂತೆ ಈ ಸಲವೂ ಎರಡು ಡೈರಿ ಕೊಟ್ಟರು. ಒಂದು ನನಗೆ, ಒಂದು ಅಮ್ಮನಿಗೆ. ಅಮ್ಮ ತೀರಿಕೊಂಡು ಹತ್ತು ತಿಂಗಳಾಯಿತೆಂದು ಕೌಂಟರಿನ ಹುಡುಗಿಗೆ ಹೇಳಬೇಕೆನಿಸಲಿಲ್ಲ. ನನ್ನ ಡೈರಿಯಲ್ಲಿ ಕ್ಲಾಸಿನ ಪಾಠ ಬರೆಯುತ್ತೇನೆ. ಅಮ್ಮ ತನ್ನದರಲ್ಲಿ ಯಾವ ಮಾತ್ರೆ ಎಷ್ಟು ಹೊತ್ತಿಗೆ ಎಂದು ಬರೆದಿಡುತ್ತಿದ್ದರು. ಇದು ಅಮ್ಮನ ಡೈರಿ. ಖಾಲಿ ಬಿಡುವುದು ಸರಿಯಲ್ಲವೆಂದು ಬರೆಯುತ್ತಿದ್ದೇನೆ.

ಬರೆಯುವುದಕ್ಕೆ ವಿಷಯವೂ ಉಂಟು. ಇವತ್ತು ಸ್ಟಾಫ್ ಮೀಟಿಂಗ್ ಇತ್ತು. ನಮ್ಮದು ಬಲ್ಮಠದ ಒಂದು ಸಮುದಾಯ ಕಾಲೇಜು. ಹಾಗೆಂದ ಕೂಡಲೇ ಜನ ಕೇಳುವುದು ಯಾವ ಸಮುದಾಯದ್ದು ಎಂದು. ಶಾಲೆ ಬಿಟ್ಟವರಿಗೆ, ಮದುವೆಯಾಗಿ ಮನೆಯಲ್ಲಿರುವವರಿಗೆ ಕೈಕೆಲಸ ಕಲಿಸಿ ಸರ್ಟಿಫಿಕೇಟ್ ಕೊಡುವ ಕಾಲೇಜು ಎಂದು ವಿವರಿಸಿ ವಿವರಿಸಿ ನನಗೆ ಇಪ್ಪತ್ತೆರಡು ವರ್ಷವಾಯಿತು. ನಾನು ಅಲ್ಲಿ ಹೊಲಿಗೆ ಟೀಚರ್. ಪ್ರಿನ್ಸಿಪಾಲ್ ಆನ್ಸಿ ಮೇಡಂ ನನಗಿಂತ ಹದಿನೈದು ವರ್ಷ ಚಿಕ್ಕವರು, ಬಂದು ಎರಡು ವರ್ಷ. ಮುಂದಿನ ಐದು ವರ್ಷಕ್ಕೆ ಯೋಜನೆ ಮಾಡಬೇಕಂತೆ. ಅದಕ್ಕೆ ಮೊದಲು ಹಳೆ ವಿದ್ಯಾರ್ಥಿಗಳು, ಅವರ ಮನೆಯವರು, ಕೆಲಸ ಕೊಟ್ಟವರು ಎಲ್ಲರ ಅಭಿಪ್ರಾಯ ಕೇಳಬೇಕಂತೆ. ಯಾವ ವಿಭಾಗ ಇರಬೇಕು, ಯಾವುದು ಬೇಡ ಎಂದು ಅದನ್ನು ನೋಡಿ ಟ್ರಸ್ಟಿನವರು ಮಾರ್ಚಿನಲ್ಲಿ ತೀರ್ಮಾನಿಸುತ್ತಾರೆ.

“ಬೇಡ” ಎನ್ನುವಾಗ ಮೇಡಂ ನನ್ನ ಕಡೆ ನೋಡಲಿಲ್ಲ. ನನಗೆ ಅಷ್ಟು ಸಾಕಾಯಿತು. ಈ ವರ್ಷ ಕಂಪ್ಯೂಟರಿಗೆ ಎಪ್ಪತ್ತು ಜನ, ಹೊಲಿಗೆಗೆ ಒಂಬತ್ತು.

ಕಂಪ್ಯೂಟರ್ ಕಲಿಸುವ ದೀಕ್ಷಿತ್ ಫೋನಿನಲ್ಲಿ ತುಂಬಿಸುವ ಫಾರ್ಮ್ ಮಾಡಿ ಡಿಸೆಂಬರಿನಲ್ಲೇ ಇನ್ನೂರು ಜನರಿಗೆ ಕಳಿಸಿದ್ದನಂತೆ. ಹನ್ನೊಂದು ಉತ್ತರ ಬಂತು. ಅದರಲ್ಲಿ ಎರಡು ಅವನೇ ಸರಿಯಾಗುತ್ತದೋ ನೋಡಲು ತುಂಬಿಸಿದ್ದು. ನನಗೆ ಕಾಗದದ ಫಾರ್ಮ್ ಕೊಡಿ, ಹೊಲಿಗೆಯವರ ಮನೆ ಮನೆಗೆ ನಾನೇ ಹೋಗುತ್ತೇನೆ ಎಂದೆ. ಎಲ್ಲರೂ ತಿರುಗಿ ನೋಡಿದರು. ನೋಡಲಿ. ನಿವೃತ್ತಿಗೆ ಇನ್ನು ನಾಲ್ಕು ವರ್ಷ ಉಂಟು. ಆ ಹೊಲಿಗೆ ಕೋಣೆ ಹೋದರೆ ನಾನು ದಿನವಿಡೀ ಎಲ್ಲಿ ಕೂರುವುದು?

5.38ಕ್ಕೆ ಪಡೀಲಿನ ಮನೆ ತಲುಪಿದೆ. ಅಮ್ಮ ಇದ್ದಾಗ ಬಸ್ ತಡವಾಗಿ ಆರೂವರೆಯಾದರೂ ಚಾ ಕುಡಿಯದೆ ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. ನೀವು ಕುಡಿಯಬಾರದೇ ಎಂದು ನಾನು ಬೈಯುವುದು, ಅವರು ನಗುವುದು. ಈಗ ಬೀಗ ತೆಗೆದು ಒಳಗೆ ಹೋಗುವುದು.

18 ಜನವರಿ, ಶನಿವಾರ

ಶನಿವಾರದ ಅರ್ಧ ದಿನ ಮುಗಿಸಿ 1.10ಕ್ಕೆ ಕಾಲೇಜು ಬಿಟ್ಟೆ. ಸರ್ಟಿಫಿಕೇಟ್ ರಿಜಿಸ್ಟರಿನಿಂದ ಅರುವತ್ತು ಹೆಸರು ಆರಿಸಿ ಬರೆದುಕೊಂಡಿದ್ದೇನೆ. ಮೊದಲನೆಯವಳು ಶಕ್ತಿನಗರದ ಮೋಕ್ಷಾ, 2019ರ ಬ್ಯಾಚು. ಬಾಗಿಲು ತೆಗೆದವಳೇ ಟೀಚರ್ ಎಂದು ಕಾಲು ಮುಟ್ಟಿದಳು. ಕೂತುಕೊಳ್ಳಿ ಎಂದು ಫ್ಯಾನ್ ಹಾಕಿ, ಕೇಳದೆಯೇ ಚಾ, ಬಾಳೆಕಾಯಿ ಚಿಪ್ಸ್ ತಂದಿಟ್ಟಳು.

ಫಾರ್ಮಿನಲ್ಲಿ ಹತ್ತು ಪ್ರಶ್ನೆ. ಒಂದರಿಂದ ಐದರವರೆಗೆ ಅಂಕ ಹಾಕಬೇಕು. ಕೊನೆಯಲ್ಲಿ ಸಲಹೆಗೆಂದು ನಾಲ್ಕು ಗೆರೆ. ತಲೆಬರಹದಲ್ಲಿ ದೀಕ್ಷಿತ್ ‘ಪಾಲುದಾರರ ಅಭಿಪ್ರಾಯ’ ಎಂದು ಹಾಕಿದ್ದಾನೆ. ಮೋಕ್ಷಾಳ ಗಂಡ ಅದನ್ನು ಓದಿ, ನಮಗೆ ಎಂತ ಪಾಲು ಉಂಟು ಟೀಚರ್ ಎಂದು ನಕ್ಕ. ಮೋಕ್ಷಾ ಪೆನ್ನು ಮುಟ್ಟಲಿಲ್ಲ.

“ನೀವೇ ಬರೀರಿ ಟೀಚರ್. ಎಲ್ಲ ಒಳ್ಳೆದೇ ಉಂಟು.”

ಎಲ್ಲದಕ್ಕೂ ಐದು ಹಾಕಿದೆ. ಸಲಹೆ ಎಂತದಾದರೂ ಉಂಟಾ ಎಂದು ಕೇಳಿದರೆ, ನಿಮಗೆ ನಾನು ಸಲಹೆ ಹೇಳುವುದಾ ಎಂದು ನಾಲಿಗೆ ಕಚ್ಚಿಕೊಂಡಳು. ಮದುವೆಯ ಆಲ್ಬಂ ತೋರಿಸಿದಳು. ತನ್ನ ರವಿಕೆ ತಾನೇ ಹೊಲಿದದ್ದಂತೆ. ತೋಳಿನ ಕಟಿಂಗ್ ನಾನು ಹೇಳಿಕೊಟ್ಟ ಹಾಗೆಯೇ ಇದೆ. ಫೋಟೋದಲ್ಲೂ ಕಾಣುತ್ತದೆ.

ಒಟ್ಟು ಮೂರು ಮನೆಗೆ ಹೋದೆ, ಮೂರು ಚಾ ಕುಡಿದೆ. ಮನೆಗೆ ಬಂದು ಅನ್ನ ಬೇಕೆನಿಸಲಿಲ್ಲ. ಜನ ನನ್ನನ್ನು ಮರೆತಿಲ್ಲ.

27 ಜನವರಿ, ಸೋಮವಾರ

ಇವತ್ತು ಯಾರ ಮನೆಗೂ ಹೋಗಲಿಲ್ಲ. 5.41ಕ್ಕೆ ಮನೆ ತಲುಪಿದೆ.

ಒಬ್ಬಳಿಗೆ ಒಂದು ಮುಷ್ಟಿ ಅಕ್ಕಿ ಹಾಕಿದರೆ ಕುಕ್ಕರ್ ಸರಿಯಾಗಿ ಕೂಗುವುದಿಲ್ಲ. ಎರಡು ಮುಷ್ಟಿ ಹಾಕಿದರೆ ಮರುದಿನಕ್ಕೂ ಅದೇ ಅನ್ನ.

9 ಫೆಬ್ರವರಿ, ಭಾನುವಾರ

ಎಂಬತ್ತೊಂದು ಫಾರ್ಮ್ ಆಯಿತು. ಅರುವತ್ತು ಸಾಕು ಎಂದು ಮೇಡಂ ಹೇಳಿದ್ದರು. ಹೆಚ್ಚಿದ್ದರೆ ಟ್ರಸ್ಟಿನವರಿಗೆ ತೂಕ ಗೊತ್ತಾಗುತ್ತದೆ. ಫಾರ್ಮ್ ಮುಗಿದದ್ದರಿಂದ ನಾನೇ ಐವತ್ತು ಜೆರಾಕ್ಸ್ ಮಾಡಿಸಿಕೊಂಡೆ.

ಭಾನುವಾರ ಎಲ್ಲರೂ ಮನೆಯಲ್ಲಿ ಸಿಗುತ್ತಾರೆ, ಹಾಗಾಗಿ ಭಾನುವಾರವೂ ಹೊರಡುವುದು ಒಳ್ಳೆಯದು. ಇವತ್ತು ಒಬ್ಬಳ ಮನೆಯಲ್ಲಿ ನೀರುದೋಸೆ, ಕೋಳಿ ಸಾರು. ಊಟದ ಹೊತ್ತಿಗೆ ಹೋದದ್ದು ನನ್ನ ತಪ್ಪು, ಆದರೆ ಅವರು ಬಿಡಲೇ ಇಲ್ಲ. ಅವಳ ಮಗಳ ಯೂನಿಫಾರ್ಮಿನ ಅಂಚು ಬಿಚ್ಚಿತ್ತು. ಕೂತಲ್ಲೇ ಹಾಕಿಕೊಟ್ಟೆ.

ಮೋಕ್ಷಾಳ ಫಾರ್ಮಿನಲ್ಲಿ ಸಹಿ ಸರಿಯಾಗಿ ಬಿದ್ದಿರಲಿಲ್ಲ. ಹಿಂದೆ ಬರುವಾಗ ಶಕ್ತಿನಗರಕ್ಕೆ ಹೋಗಿ ಮತ್ತೊಮ್ಮೆ ಹಾಕಿಸಿಕೊಂಡೆ. ಅವರು ಎಲ್ಲಿಗೋ ಹೊರಟಿದ್ದರು. ಚಾ ಕುಡಿದೇ ಹೋಗಿ ಟೀಚರ್ ಎಂದಳು, ಆದರೆ ಚಪ್ಪಲಿ ಹಾಕಿಕೊಂಡೇ ನಿಂತಿದ್ದಳು. ನಾನು ಬೇಡ ಎಂದೆ.

14 ಫೆಬ್ರವರಿ, ಶುಕ್ರವಾರ

ತಲೆ ಕೆಟ್ಟಿದೆ.

ನೂರ ಹದಿಮೂರು ಫಾರ್ಮನ್ನು ಟ್ವೈನ್ ದಾರದಲ್ಲಿ ಕಟ್ಟಿ ಮೇಡಂ ಮೇಜಿನ ಮೇಲಿಟ್ಟೆ. ಅವರು ಒಂದೊಂದೇ ತಿರುವಿ ಹಾಕಿದರು. ಐದು, ಐದು, ಐದು. ಕೊನೆಯ ನಾಲ್ಕು ಗೆರೆ ಎಲ್ಲದರಲ್ಲೂ ಖಾಲಿ, ಇಲ್ಲದಿದ್ದರೆ ನನ್ನ ಕೈಬರಹದಲ್ಲಿ ‘ಎಲ್ಲ ಚೆನ್ನಾಗಿದೆ’. ಕಟ್ಟನ್ನು ಬದಿಗಿಟ್ಟು ಹೇಳಿದರು:

“ಟೀಚರ್, ಇದು ಅಭಿಪ್ರಾಯ ಅಲ್ಲ. ಇದು ಮರ್ಯಾದೆ. ಮನೆಗೆ ಬಂದ ಟೀಚರಿಗೆ ನಮ್ಮ ಊರಲ್ಲಿ ಯಾರಾದರೂ ಎರಡು ಅಂಕ ಕೊಡ್ತಾರಾ?”

ನಾನು ಬಿಸಿಲಲ್ಲಿ ತಿರುಗಿದ್ದು ಎಂತಕ್ಕೆ ಮತ್ತೆ ಎಂದು ಕೇಳಿದೆ. ಅವರು ಪಟ್ಟಿ ಎಲ್ಲಿಂದ ಮಾಡಿದ್ದು ಎಂದರು. ಸರ್ಟಿಫಿಕೇಟ್ ರಿಜಿಸ್ಟರಿನಿಂದ ಎಂದೆ. ಹೊಲಿಗೆಗೆ ಇಷ್ಟು ವರ್ಷದಲ್ಲಿ ಎಷ್ಟು ಜನ ಸೇರಿದ್ದಾರೆ, ಎಷ್ಟು ಜನ ಸರ್ಟಿಫಿಕೇಟ್ ತೆಗೆದುಕೊಂಡಿದ್ದಾರೆ ಎಂದು ಕೇಳಿದರು. ಸೇರಿದವರು 1,036. ತೆಗೆದುಕೊಂಡವರು 618. ಲೆಕ್ಕ ನನ್ನ ಬಾಯಲ್ಲೇ ಇರುತ್ತದೆ.

ಉಳಿದವರು ಎಲ್ಲಿ ಎಂದು ಕೇಳಿದರು.

ಬಿಟ್ಟು ಹೋದವರ ಅಭಿಪ್ರಾಯ ಕಾಲೇಜಿಗೆ ಯಾಕೆ? ಬರುವ ಮನಸ್ಸಿಲ್ಲದವರು ಬಿಟ್ಟು ಹೋಗುತ್ತಾರೆ. ಇಷ್ಟನ್ನೂ ಅವರೆದುರೇ ಹೇಳಿ ಬಂದಿದ್ದೇನೆ. ಬಾಗಿಲನ್ನು ಸ್ವಲ್ಪ ಜೋರಾಗಿ ಹಾಕಿದೆನೋ ಎಂತದೋ.

15 ಫೆಬ್ರವರಿ, ಶನಿವಾರ

ಅಡ್ಮಿಷನ್ ರಿಜಿಸ್ಟರ್ ತೆಗೆದು ನೋಡಿದೆ. ಮಧ್ಯಾಹ್ನದ ಬ್ಯಾಚು ಒಂದೂವರೆಗೆ. ಬೆಲ್ ಆದ ಮೇಲೆ ಬಂದರೆ ಹೊರಗೆ. ನಾನು ಕಟಿಂಗ್ ತೋರಿಸಿ ಮುಗಿಸಿದ ಮೇಲೆ ಒಳಗೆ ಬಿಡುವುದು. ಮೂರು ತಡ ಆದರೆ ಒಂದು ಗೈರು. ಗೈರು ಹೆಚ್ಚಾದರೆ ಪರೀಕ್ಷೆ ಇಲ್ಲ, ಹೆಸರಿನ ಮೇಲೆ ಕೆಂಪು ಗೆರೆ. ಇದು ಕಾಲೇಜಿನ ನಿಯಮ ಅಲ್ಲ, ನಾನು ಮಾಡಿಕೊಂಡದ್ದು. ಶಿಸ್ತಿಲ್ಲದವಳ ಕೈಯಲ್ಲಿ ಕತ್ತರಿ ಕೊಡಬಾರದೆಂದು ನನ್ನ ಮಾತು.

ಗೆರೆಗಳನ್ನೆಲ್ಲ ಸ್ಕೇಲ್ ಇಟ್ಟು ಎಳೆದಿದ್ದೇನೆ. ಒಂದೂ ಸೊಟ್ಟ ಇಲ್ಲ. ನೂರ ಮೂವತ್ತರ ತನಕ ಎಣಿಸಿ ಬಿಟ್ಟೆ.

22 ಫೆಬ್ರವರಿ, ಶನಿವಾರ

ಇಡೀ ವಾರ ಫೋನ್ ಮಾಡಿದೆ. ಕೆಂಪು ಗೆರೆಯ ನಲವತ್ತು ನಂಬರಿನಲ್ಲಿ ಮೂವತ್ತೊಂದು ಚಾಲ್ತಿಯಲ್ಲಿಲ್ಲ. ಎತ್ತಿದವರಲ್ಲಿ ಇಬ್ಬರು ನನ್ನ ಹೆಸರು ಕೇಳಿ ಇಟ್ಟುಬಿಟ್ಟರು. ಅಝರ್ ಎನ್ನುವವರೊಬ್ಬರು ಮಾತ್ರ ಮಾತಾಡಿದರು. ಅದು ಅವರ ತಂಗಿ ಕೊಟ್ಟಿದ್ದ ನಂಬರಂತೆ. ತಂಗಿ ಝಹ್ರಾ, 2016ರ ಬ್ಯಾಚು, ಈಗ ಉಳ್ಳಾಲದಲ್ಲಿ ಗಂಡನ ಮನೆಯ ಮೇಲಿನ ಮಾಳಿಗೆಯಲ್ಲಿ ಮೆಷಿನ್ ಹಾಕಿಕೊಂಡು ಹೊಲಿಯುತ್ತಾಳೆ ಎಂದು ವಿಳಾಸ ಹೇಳಿದರು.

ಝಹ್ರಾ ನನಗೆ ನೆನಪಿದ್ದಾಳೆ. ಆ ಬ್ಯಾಚಿನಲ್ಲಿ ಅವಳ ಕೈಯಷ್ಟು ಚುರುಕಾದ ಕೈ ಇರಲಿಲ್ಲ. ದಿನಾ ಕಾಲು ಗಂಟೆ ತಡ. ಇಷ್ಟು ಒಳ್ಳೆಯ ಕೈ ಇಟ್ಟುಕೊಂಡು ಹೀಗೆ ಮಾಡುತ್ತಾಳಲ್ಲ ಎಂದು ಉಳಿದವರಿಗಿಂತ ಅವಳ ಮೇಲೆ ಹೆಚ್ಚು ಸಿಟ್ಟಿತ್ತು.

ಪಂಪ್‌ವೆಲ್‌ನಲ್ಲಿ ಬಸ್ ಬದಲಿಸಿ ಹೋದೆ. ಮೇಲೆ ಆರು ಮೆಷಿನ್, ಆರು ಹೆಂಗಸರು. ರಂಜಾನ್ ಹತ್ತಿರ ಬಂತಲ್ಲ, ಬುರ್ಖಾದ ರಾಶಿ ಅವರ ಮೊಣಕಾಲಿನ ತನಕ. ಝಹ್ರಾ ಎದ್ದು ನಿಂತಳು. ಕಾಲು ಮುಟ್ಟುವುದು, ನಗುವುದು ಎಂತದೂ ಇಲ್ಲ. ಈಗ ಪುರಸೊತ್ತಿಲ್ಲ, ಫಾರ್ಮ್ ಇಟ್ಟು ಹೋಗಿ ಟೀಚರ್ ಎಂದಳು. ಅವಳ ಅತ್ತೆ ಪಾತುಮ್ಮ ಕೂತು ಬುರ್ಖಾಗಳಿಗೆ ಗುಂಡಿ ಹಾಕುತ್ತಿದ್ದವರು ಚಾ ಮಾಡುತ್ತೇನೆಂದು ಎದ್ದರು. ಬಸ್ ಉಂಟು ಎಂದು ನಾನೇ ಇಳಿದು ಬಂದೆ. ಬಸ್ಸಿಗೆ ಅರ್ಧ ಗಂಟೆ ಕಾಯಬೇಕಾಯಿತು.

3 ಮಾರ್ಚ್, ಸೋಮವಾರ

ಉಳ್ಳಾಲದಿಂದ ಫಾರ್ಮ್ ಬಂದಿಲ್ಲ. ಟ್ರಸ್ಟಿನ ಮೀಟಿಂಗ್ ಇಪ್ಪತ್ತಕ್ಕೆ ಎಂದು ನೋಟಿಸ್ ಬಂತು.

ಕ್ಲಾಸಿಗೆ ಇವತ್ತು ಏಳು ಜನ. ಒಬ್ಬಳು ಒಂದೂ ಮುಕ್ಕಾಲಿಗೆ ಬಂದಳು. ಯಾಕೆ ತಡ ಎಂದು ಕೇಳಿದೆ. ಇಷ್ಟು ವರ್ಷದಲ್ಲಿ ಕಾರಣ ಕೇಳಿದ್ದು ಇದೇ ಮೊದಲಿರಬೇಕು, ಅವಳೇ ಗಾಬರಿಯಾದಳು. ಮಾವನಿಗೆ ಊಟ ಬಡಿಸಿ ಬರಬೇಕು ಎಂದಳು. ಹೊರಗೆ ನಿಲ್ಲು ಎನ್ನಲು ಬಾಯಿ ತೆರೆದವಳು ಕೈಸನ್ನೆ ಮಾಡಿ ಒಳಗೆ ಕರೆದೆ. ಗಂಟಲು ಸರಿ ಇಲ್ಲ.

11 ಮಾರ್ಚ್, ಮಂಗಳವಾರ

ಅರ್ಧ ದಿನ ರಜೆ ಹಾಕಿ ಬೆಳಿಗ್ಗೆಯೇ ಉಳ್ಳಾಲಕ್ಕೆ ಹೋದೆ. ಫಾರ್ಮ್ ಕೇಳಿ ಬರುವುದು, ಕೊಡದಿದ್ದರೆ ಬಿಡುವುದು ಎಂದು ನಿರ್ಧರಿಸಿದ್ದೆ. ಎಲ್ಲರಿಗೂ ಉಪವಾಸ. ಪಾತುಮ್ಮ ನಿಮಗಾದರೂ ಶರಬತ್ತು ಮಾಡುತ್ತೇನೆ ಎಂದರು. ನಾನು ಬೇಡ ಎಂದೆ. ಇಷ್ಟು ತಿಂಗಳಲ್ಲಿ ನಾನು ಏನೂ ಕುಡಿಯದೆ ಕೂತ ಮನೆ ಅದೊಂದೇ.

ಝಹ್ರಾ ಫಾರ್ಮ್ ತುಂಬಿಸಿ ಇಟ್ಟಿದ್ದಳು. ಕೊಡಬೇಕೋ ಬೇಡವೋ ಎಂದು ಯೋಚಿಸುತ್ತಿದ್ದಳಂತೆ. ಅವಳದೇ ಕೈಬರಹ, ಗುಂಡಗೆ. ‘ಕಲಿಸುವ ಗುಣಮಟ್ಟ’ ಎನ್ನುವಲ್ಲಿ ಐದು. ‘ಎಲ್ಲರಿಗೂ ಅವಕಾಶ’ ಎನ್ನುವಲ್ಲಿ ಒಂದು. ‘ಸಮಯದ ಅನುಕೂಲ’ಕ್ಕೆ ಒಂದು. ಸಲಹೆಯ ನಾಲ್ಕು ಗೆರೆ ತುಂಬಿತ್ತು. ಮೊದಲ ಸಾಲು ಹೀಗಿತ್ತು: ‘ಟೀಚರ್ ಚಂದ ಕಲಿಸುತ್ತಾರೆ, ಒಳಗೆ ಇದ್ದವರಿಗೆ.’

ಬೆಲ್ ಆಗುವ ಮೊದಲು ಬರಬಹುದಿತ್ತಲ್ಲ, ಒಂದು ಬಸ್ ಮುಂಚೆ ಹಿಡಿದರೆ ಆಗುತ್ತಿರಲಿಲ್ಲವಾ ಎಂದು ಕೇಳಿಯೇಬಿಟ್ಟೆ. ಝಹ್ರಾ ಮೆಷಿನ್ ನಿಲ್ಲಿಸಿದಳು. ಮಗಳಿಗೆ ಆಗ ಎರಡು ವರ್ಷ. ಅತ್ತೆ ಕಟ್ಟಿದ ಬೀಡಿಯನ್ನು ಕಂಪೆನಿಯ ಬ್ರಾಂಚಿಗೆ ಕೊಟ್ಟು ಮನೆಗೆ ಬರುವಾಗ ಒಂದು ಗಂಟೆ. ಅವರ ಕೈಯಲ್ಲಿ ಮಗುವನ್ನು ಕೊಟ್ಟು ಓಡಿ ಬಸ್ ಹತ್ತಿದರೂ ಕಾಲೇಜಿನ ಗೇಟಿಗೆ ಒಂದೂ ಮುಕ್ಕಾಲು. ಇದನ್ನು ಒಮ್ಮೆ ಹೇಳಲು ಬಂದಿದ್ದಳಂತೆ. ಕಾರಣ ಬೇಡ, ಟೈಮ್ ನೋಡು ಎಂದು ನಾನು ಗೋಡೆಯ ಗಡಿಯಾರ ತೋರಿಸಿದೆನಂತೆ. ಇರಬಹುದು. ಹಾಗೆ ನಾನು ಎಲ್ಲರಿಗೂ ತೋರಿಸುತ್ತೇನೆ.

ಆಮೇಲೆ ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ.

“ನಾನು ದಿನಾ ಹೊರಗೆ ನಿಂತು ಕಲಿತದ್ದು ಟೀಚರ್. ಚೂಡಿದಾರ್, ನೈಟಿ, ತೋಳು, ಎಲ್ಲ ಕಿಟಕಿಯಿಂದ ನೋಡಿದ್ದು. ರಾತ್ರಿ ಮನೆಯಲ್ಲಿ ಪೇಪರಿನಲ್ಲಿ ಕತ್ತರಿಸುವುದು. ಶರ್ಟಿನ ಕಾಲರ್ ಹೇಳಿಕೊಟ್ಟ ದಿನ ಜೋರು ಮಳೆ. ನೀವು ಬಂದು ಕಿಟಕಿ ಹಾಕಿದಿರಿ.”

ನಾನು ನಿನ್ನನ್ನು ನೋಡಿರಲಿಕ್ಕಿಲ್ಲ ಎಂದೆ.

“ನೋಡಿದ್ದೀರಿ. ಒದ್ದೆಯಾಗ್ತೀ, ಆಚೆ ನಿಲ್ಲು ಅಂತ ಹೇಳಿದಿರಿ.”

ಅವಳ ಧ್ವನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಅದಾಗಿ ಪರೀಕ್ಷೆಗೆ ಹನ್ನೊಂದು ದಿನ ಇರುವಾಗ ಅವಳ ಹೆಸರು ತೆಗೆದಿದ್ದೇನೆ. ಉಳಿದ ಐದು ಹೆಂಗಸರಿಗೆ ಅವಳೇ ಕಲಿಸಿದ್ದು. ಅವರಲ್ಲಿ ಇಬ್ಬರು ನಮ್ಮ ಕಾಲೇಜಿಗೆ ಬಂದು ಬಿಟ್ಟವರೇ. ಹತ್ತಿರದ ಶಾಲೆಯವರು ಮಕ್ಕಳ ಯೂನಿಫಾರ್ಮ್ ಹೊಲಿದು ಕೊಡುತ್ತೀರಾ ಎಂದು ಎರಡು ವರ್ಷದಿಂದ ಕೇಳುತ್ತಿದ್ದಾರಂತೆ. ಇವಳು ಒಪ್ಪಿಕೊಳ್ಳಲಿಲ್ಲ. ಶರ್ಟಿಗೆ ಕಾಲರ್ ಬೇಕಲ್ಲ, ಅದು ಇಲ್ಲಿ ಯಾರಿಗೂ ಬರುವುದಿಲ್ಲ.

ಮೊಬೈಲಿನಲ್ಲಿ ನೋಡಿ ಕಲಿಯಬಹುದಲ್ಲ ಎಂದು ಕೇಳಿದೆ. ನೋಡಿದ್ದೇವೆ, ತುದಿ ಕೂರುವುದಿಲ್ಲ ಎಂದಳು.

16 ಮಾರ್ಚ್, ಭಾನುವಾರ

ಫಾರ್ಮನ್ನು ಅಮ್ಮನ ಸೀರೆಗಳ ನಡುವೆ ಇಟ್ಟಿದ್ದೇನೆ. ನೂರ ಹದಿಮೂರರ ಕಟ್ಟಿಗೆ ಇನ್ನೂ ಸೇರಿಸಿಲ್ಲ. ಇದು ಬಂದದ್ದು ಮೇಡಂಗೆ ಗೊತ್ತಿಲ್ಲ. ಸೇರಿಸದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಸೇರಿಸಿದರೆ ನನ್ನ ಕೋಣೆಗೆ ನಾನೇ ಬೀಗ ಹಾಕಿದ ಹಾಗೆ.

ಇವತ್ತು ಎಲ್ಲಿಗೂ ಹೋಗಲಿಲ್ಲ. ಯಾರ ಮನೆಗೆ ಹೋಗುವುದು? ಐದು ಕೊಟ್ಟವರೆಲ್ಲ ಬಾಗಿಲಿಗೆ ಬಂದ ಟೀಚರಿಗೆ ಕೊಟ್ಟದ್ದು, ನನಗಲ್ಲ. ಅವರಲ್ಲಿ ಒಬ್ಬರೂ ಆಮೇಲೆ ಒಂದು ಫೋನ್ ಮಾಡಿಲ್ಲ. ನಾನೂ ಅವರಿಗೆ ನಂಬರ್ ಕೊಟ್ಟಿಲ್ಲ, ಅದು ಬೇರೆ ಮಾತು. ಒಬ್ಬಳೇ ಇದ್ದೇನೆ ಎಂದು ಇಷ್ಟು ದಿನ ಬರೆಯಲಿಲ್ಲ. ಇವತ್ತು ಬರೆಯುತ್ತೇನೆ. ಒಬ್ಬಳೇ ಇದ್ದೇನೆ. ಬೆಳಿಗ್ಗೆಯಿಂದ ಯಾರ ಹತ್ತಿರವೂ ಒಂದು ಮಾತು ಆಡಿಲ್ಲ.

ಸಂಜೆ ಅಮ್ಮನ ಹಾಗೆ ಮೆಟ್ಟಿಲಲ್ಲಿ ಸ್ವಲ್ಪ ಹೊತ್ತು ಕೂತೆ. ಅಲ್ಲಿಂದ ಬಸ್ ಸ್ಟಾಪ್ ಕಾಣುವುದಿಲ್ಲ. ಕಾಣದಿದ್ದರೂ ಅವರು ಅಲ್ಲೇ ಕೂರುತ್ತಿದ್ದರು.

20 ಮಾರ್ಚ್, ಗುರುವಾರ

ಓದಿದೆ.

ಬರೆದುಬಿಡುತ್ತೇನೆ, ಇಲ್ಲದಿದ್ದರೆ ಮರೆತೆನೆಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ದೀಕ್ಷಿತ್ ಕಂಪ್ಯೂಟರಿನಲ್ಲಿ ಎಲ್ಲ ವಿಭಾಗದ ಲೆಕ್ಕ ತೋರಿಸಿದ. ಹೊಲಿಗೆಯ ಸರದಿ ಬಂದಾಗ ಪರದೆಯ ಮೇಲೆ ಐದಕ್ಕೆ ಐದು. ಟ್ರಸ್ಟಿನ ಅಧ್ಯಕ್ಷರು ಪರವಾಗಿಲ್ಲವೇ ಎಂದು ನನ್ನನ್ನು ನೋಡಿ ನಕ್ಕರು. ಅಲ್ಲಿಗೆ ಸುಮ್ಮನೆ ಕೂತಿದ್ದರೆ ಆಗುತ್ತಿತ್ತು. ನಾನು ಎದ್ದು, ಇನ್ನೊಂದು ಉಂಟು ಸರ್ ಎಂದೆ. ಬ್ಯಾಗಿನಿಂದ ತೆಗೆದು ಮೊದಲಿನಿಂದ ಕೊನೆಯವರೆಗೆ ಓದಿದೆ. ಕಿಟಕಿ ಹಾಕಿದ್ದನ್ನು ಝಹ್ರಾ ಫಾರ್ಮಿನಲ್ಲಿ ಬರೆದಿರಲಿಲ್ಲ, ಅದನ್ನು ನಾನೇ ಸೇರಿಸಿ ಹೇಳಿದೆ. ಕೆಂಪು ಗೆರೆಯ ನಿಯಮ ನನ್ನದು ಎಂದೂ ಹೇಳಿದೆ. ಕೊನೆಯಲ್ಲಿ ಅವಳು ಬರೆದ ಸಲಹೆ: ‘ಉಳ್ಳಾಲದಲ್ಲಿ ಬೆಳಿಗ್ಗೆ ಹತ್ತೂವರೆಗೆ ತರಗತಿ ಇಟ್ಟರೆ ಹದಿನೈದು ಜನ ಬರಬಹುದು.’

ಫಾರ್ಮನ್ನು ನೂರ ಹದಿಮೂರರ ಕಟ್ಟಿನ ಮೇಲಿಟ್ಟು ಕೂತೆ.

ಅಧ್ಯಕ್ಷರು ಲೆಕ್ಕದ ಮನುಷ್ಯ. ನೂರರಲ್ಲಿ ನಲವತ್ತು ಜನ ಬಿಟ್ಟು ಹೋಗುವ ವಿಭಾಗ, ಈ ವರ್ಷ ಒಂಬತ್ತೇ ಜನ. ಜೂನಿನಿಂದ ಹೊಲಿಗೆ ನಿಲ್ಲಿಸುವುದೆಂದು ಬರೆಸಿದರು. ಆನ್ಸಿ ಮೇಡಂ ತುಂಬ ಹೊತ್ತು ವಾದ ಮಾಡಿದರು, ಸಮಯ ಬದಲಿಸಿ ನೋಡೋಣ ಎಂದರು, ಉಳ್ಳಾಲದ ಮಾತು ಎತ್ತಿದರು. ಕೊನೆಗೆ ಯೋಜನೆಯಲ್ಲಿ ಒಂದು ಸಾಲು ಸೇರಿತು: ‘ಉಳ್ಳಾಲದಲ್ಲಿ ಬೆಳಗಿನ ತರಗತಿ, ಪರಿಶೀಲಿಸುವುದು.’ ಪರಿಶೀಲಿಸುವುದು ಎಂದರೆ ಏನೆಂದು ಇಪ್ಪತ್ತೆರಡು ವರ್ಷದಿಂದ ನೋಡಿದ್ದೇನೆ. ನನಗೆ ನಿವೃತ್ತಿಯವರೆಗೆ ಆಫೀಸಿನಲ್ಲಿ ಕೆಲಸ, ಹಳೆ ರಿಜಿಸ್ಟರ್ ಜೋಡಿಸುವುದು.

ಹೊರಗೆ ಬಂದಾಗ ಮೇಡಂ ನನ್ನ ಕೈ ಹಿಡಿದುಕೊಂಡರು. ನನ್ನ ಕೈಯನ್ನು ಯಾರಾದರೂ ಹಿಡಿದು ಒಂದು ವರ್ಷದ ಮೇಲಾಯಿತು. ನಾನು ಬಿಡಿಸಿಕೊಂಡು ಬಸ್ಸಿಗೆ ಹೋದೆ.

24 ಮಾರ್ಚ್, ಸೋಮವಾರ

ಕ್ಲಾಸಿಲ್ಲದ ಹೊತ್ತಿಗೆ ಈಗಲೇ ಆಫೀಸಿನಲ್ಲಿ 2003ರ ರಿಜಿಸ್ಟರ್. ಧೂಳು. ಮಾತಿಲ್ಲ.

ಮನೆಗೆ ಬಂದು ಬ್ರೌನ್ ಪೇಪರ್ ತೆಗೆದು ಶರ್ಟಿನ ಕಾಲರ್ ಕತ್ತರಿಸಿದೆ. ಮಕ್ಕಳ ಮೂರು ಅಳತೆಗೆ ಮೂರು. ಎಲ್ಲಿ ಮಡಿಸುವುದು, ಗಟ್ಟಿ ನಿಲ್ಲಲು ಎಲ್ಲಿ ಕ್ಯಾನ್ವಾಸ್ ಬಟ್ಟೆ ಇಡುವುದು ಎಂದು ಒಂದೊಂದರ ಮೇಲೂ ಬರೆದೆ. ತುದಿ ಕೂರುವುದಿಲ್ಲ ಎಂದಿದ್ದಳು. ತಿರುಗಿಸುವ ಮೊದಲು ಮೂಲೆಯ ಹೆಚ್ಚಿನ ಬಟ್ಟೆ ಕತ್ತರಿಸಬೇಕು, ಅದು ಮೊಬೈಲಿನಲ್ಲಿ ಸರಿಯಾಗಿ ಕಂಡಿರಲಿಕ್ಕಿಲ್ಲ. ನಾಳೆ ಪೋಸ್ಟಿಗೆ ಹಾಕುತ್ತೇನೆ. ಉತ್ತರ ಬರಬೇಕೆಂದು ಅಲ್ಲ.

4 ಏಪ್ರಿಲ್, ಶುಕ್ರವಾರ

ಝಹ್ರಾ ಫೋನ್ ಮಾಡಿದಳು. ಲಕೋಟೆಯ ಹಿಂದೆ ನಂಬರ್ ಬರೆದಿದ್ದೆ. ಪೇಪರ್ ಸಿಕ್ಕಿತಂತೆ, ಹಬ್ಬದ ಗಡಿಬಿಡಿಯಲ್ಲಿ ನೋಡಲಾಗಲಿಲ್ಲವಂತೆ. ತುದಿ ಈಗ ಕೂತಿತು, ಆದರೆ ಕಾಲರಿನ ಪಟ್ಟಿಯನ್ನು ಕುತ್ತಿಗೆಗೆ ಸೇರಿಸುವಲ್ಲಿ ಸುಕ್ಕು ಬರುತ್ತದೆ ಎಂದಳು. ಅದನ್ನು ಫೋನಿನಲ್ಲಿ ಹೇಳಲಾಗುವುದಿಲ್ಲ ಎಂದೆ.

ಕಾಲೇಜಿನಿಂದ ಸರ್ಟಿಫಿಕೇಟಿಗೆ ಪ್ರಯತ್ನ ಮಾಡಲಾ ಎಂದೂ ಕೇಳಿದೆ. ಅದು ನನಗೆ ಈಗ ಎಂತಕ್ಕೆ ಟೀಚರ್ ಎಂದಳು. ಮತ್ತೆ ಅವಳೇ ಕೇಳಿದಳು:

“ಮುಂದಿನ ಶನಿವಾರ ಬರ್ತೀರಾ? ಹತ್ತೂವರೆಗೆ. ಮಕ್ಕಳನ್ನು ಕಳಿಸಿ, ಅಡಿಗೆ ಮುಗಿಸಿ ಎಲ್ಲರೂ ಆ ಹೊತ್ತಿಗೆ ಕೂರುವುದು.”

ಶನಿವಾರ ಅರ್ಧ ದಿನ ಆಫೀಸು ಉಂಟು. ರಜೆ ಚೀಟಿ ಬರೆದು ಇಟ್ಟಿದ್ದೇನೆ.

12 ಏಪ್ರಿಲ್, ಶನಿವಾರ

ಕತ್ತರಿ, ಟೇಪು, ಚಾಕ್, ಒಂದು ಮೀಟರ್ ಕ್ಯಾನ್ವಾಸ್ ಬ್ಯಾಗಿಗೆ ಹಾಕಿ ಒಂಬತ್ತಕ್ಕೇ ಹೊರಟೆ. ಅರ್ಧ ಗಂಟೆ ಮುಂಚೆ ಹೋಗಿ ಕೂರಬೇಕೆಂದೇ ಹೊರಟದ್ದು. ನೇತ್ರಾವತಿ ಸೇತುವೆಯ ಮೇಲೆ ಲಾರಿ ಕೆಟ್ಟು ನಿಂತಿತ್ತು. ಬಸ್ ಅಲ್ಲಾಡಲಿಲ್ಲ. ಕೆಳಗೆ ಹೊಳೆ, ಮೇಲೆ ಬಿಸಿಲು. ಹತ್ತೂವರೆ ಆಯಿತು, ಹತ್ತೂ ಮುಕ್ಕಾಲು ಆಯಿತು. ಇಳಿದು ನಡೆದುಬಿಡೋಣವೆಂದು ಎರಡು ಸಲ ಎದ್ದೆ, ಕಂಡಕ್ಟರ್ ಬೈದು ಕೂರಿಸಿದ. ಫೋನ್ ಮಾಡಲು ನೋಡಿದರೆ ಅದನ್ನು ಮನೆಯಲ್ಲೇ ಚಾರ್ಜಿಗೆ ಹಾಕಿ ಮರೆತು ಬಂದಿದ್ದೆ. ಇಪ್ಪತ್ತೆರಡು ವರ್ಷ ಒಂದು ದಿನವೂ ತಡ ಮಾಡದವಳು.

ಮೆಟ್ಟಿಲು ಹತ್ತುವಾಗ ಹನ್ನೊಂದೂ ಇಪ್ಪತ್ತು. ಮೇಲಿನಿಂದ ಮೆಷಿನ್ನಿನ ಸದ್ದಿಲ್ಲ. ಎಲ್ಲ ಎದ್ದು ಹೋಗಿರಬೇಕು, ನಾನಾಗಿದ್ದರೆ ಬೆಲ್ ಆದ ಮೇಲೆ ಯಾರಿಗೂ ಕಾಯುತ್ತಿರಲಿಲ್ಲ ಎಂದುಕೊಂಡೆ. ಬಾಗಿಲು ತೆರೆದೇ ಇತ್ತು. ಆದರೂ ಒಳಗೆ ಕಾಲಿಡಲಾಗಲಿಲ್ಲ. ಹೊರಗೇ ನಿಂತೆ, ಬೆವರು ಒರೆಸಿಕೊಳ್ಳುತ್ತ, ಎಂತ ಹೇಳುವುದೆಂದು ಯೋಚಿಸುತ್ತ. ಲಾರಿ ಕೆಟ್ಟದ್ದನ್ನು ಹೇಳಿದರೆ ನಂಬುತ್ತಾರಾ ಎಂದು.

ಝಹ್ರಾ ಕಂಡು ಎದ್ದು ಬಂದಳು. ಕಾರಣ ಕೇಳಲಿಲ್ಲ.

“ಒಳಗೆ ಬನ್ನಿ ಟೀಚರ್. ಬಟ್ಟೆ ಹಾಸಿ ಕೂತಿದ್ದೇವೆ.”

ಬಿಳಿ ಬಟ್ಟೆ ಮೇಜಿನ ಮೇಲೆ ಸುಕ್ಕಿಲ್ಲದೆ ಹಾಸಿತ್ತು. ಉಳಿದ ಐದೂ ಹೆಂಗಸರು ಸುತ್ತ ಕೂತಿದ್ದರು, ಪಾತುಮ್ಮನವರೂ ಕುರ್ಚಿ ಎಳೆದುಕೊಂಡಿದ್ದರು. ನನ್ನ ಬ್ರೌನ್ ಪೇಪರ್ ಪಕ್ಕದಲ್ಲಿತ್ತು. ಒಬ್ಬರೂ ಚಾಕಿನ ಗೆರೆ ಎಳೆದಿರಲಿಲ್ಲ, ಒಬ್ಬರೂ ಕತ್ತರಿ ಮುಟ್ಟಿರಲಿಲ್ಲ. ಕಿಟಕಿಯ ದಂಡೆಯಲ್ಲಿ ಎಂಟು ಲೋಟ ಚಾ, ಎಲ್ಲದರ ಮೇಲೂ ಕೆನೆ ಕಟ್ಟಿತ್ತು. ನೀವು ಕುಡಿಯಬಾರದಿತ್ತಾ, ತಣ್ಣಗಾಯಿತಲ್ಲ ಎಂದು ನಾನು ಬೈದೆ. ಅವರು ನಕ್ಕರು.

ನನಗೆ ಅಲ್ಲಿ ಅಳು ಬಂದದ್ದು ಯಾರಿಗಾದರೂ ಕಂಡಿತೋ ಇಲ್ಲವೋ. ಚಾಕ್ ಹುಡುಕುವ ನೆವದಲ್ಲಿ ಬ್ಯಾಗಿನೊಳಗೆ ತಲೆ ಹಾಕಿದ್ದೆ. ಅಮ್ಮ ಹೋದ ಮೇಲೆ ಚಾ ಕುಡಿಯದೆ ನನಗೆ ಕಾದವರು ಇವರೇ.